ಉಳಿಸಿದ ಹಣದಲ್ಲಿ ಎರಡನೇ ಕಾರ್ಡು ಕೊಳ್ಳಿ

ಬೆಂಗಳೂರಿನ ಶ್ರೀರಾಂಪುರದಂಥ ಬಡಾವಣೆಯಲ್ಲಿ ಸರ್ಕಾರದ ಕಂಪ್ಯೂಟರಿಗೂ ಜನರ ದಿನಚರಿಗೂ ನಡುವೆ ಅಂತರವೇ ಉಳಿದಿಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರ ಬೆರಳಚ್ಚನ್ನು ಒಪ್ಪಿಕೊಂಡರೆ ಅಕ್ಕಿ, ಇಲ್ಲದಿದ್ದರೆ ಇನ್ನೊಂದು ದಿನದ ಕೂಲಿ ಬಿಟ್ಟು ಮತ್ತೆ ಬರಬೇಕು. ಇಪ್ಪತ್ತಕ್ಕೆ ಮೂವತ್ತು ಅಡಿಯ ಪುಟ್ಟ ಮನೆಯೊಂದು ಕೈ ಬದಲಾಗಬೇಕಾದರೆ ಇ-ಖಾತಾ, ಋಣಭಾರ ಪತ್ರ (ಇ.ಸಿ.), ಆಸ್ತಿ ನೋಂದಣಿಯ ತಂತ್ರಾಂಶ ಕಾವೇರಿ 2.0 ಮೂರೂ ಒಂದೇ ಹೊತ್ತಿಗೆ ಕೆಲಸ ಮಾಡುತ್ತಿರಬೇಕು. 2025ರ ಆರಂಭದ ವಾರಗಳಲ್ಲಿ ಕಾವೇರಿ 2.0 ತಡವರಿಸಿದಾಗ ರಾಜ್ಯದಾದ್ಯಂತ ಆಸ್ತಿ ನೋಂದಣಿ ಕುಸಿಯಿತು. ಹೊರಗಿನಿಂದ ಸುಳ್ಳು ಕೋರಿಕೆಗಳನ್ನು ರಾಶಿ ರಾಶಿಯಾಗಿ ಹರಿಸಿದ ದಾಳಿಯೇ ಕಾರಣ ಎಂದು ಸರ್ಕಾರ ಹೇಳಿತು. ಇಂಥ ದಿನಗಳಲ್ಲಿ ಕಚೇರಿಯ ಕಿಟಕಿಯಿಂದ ಬರುವ ಉತ್ತರ ಎರಡೇ ಪದ: ಸರ್ವರ್ ಡೌನ್. ಆ ಸರ್ವರಿನೊಳಗೆ ಏನಿದೆ, ಯಾವ ಭಾಗ ಯಾವುದನ್ನು ನಂಬಿಕೊಂಡಿದೆ ಎಂದು ತೆರಿಗೆ ಕೊಡುವವರು ಕೇಳುವುದಿಲ್ಲ, ಕೊಳ್ಳುವ ಇಲಾಖೆಗಳೂ ಹೆಚ್ಚು ಕೇಳಿದಂತಿಲ್ಲ. ಅಂಗೈಯಗಲದ ಒಂದು ಭಾಗದ ಬಗ್ಗೆಯಾದರೂ ಕೇಳಲೇಬೇಕು ಎಂಬುದು ನನ್ನ ವಾದ. ಸರ್ವರನ್ನು ಹೊರಜಗತ್ತಿಗೂ, ದತ್ತಾಂಶ ಕೂಡಿಟ್ಟಿರುವ ಸ್ಟೋರೇಜ್ ಪೆಟ್ಟಿಗೆಗೂ ಜೋಡಿಸುವ ಅಡಾಪ್ಟರ್ ಕಾರ್ಡು ಅದು. ಈ ಎರಡು ಕೆಲಸಗಳನ್ನು ಒಂದೇ ಕಾರ್ಡಿಗೆ ವಹಿಸುವುದು ಸರಿಯಾದ ದಾರಿ. ಆದರೆ ಹಾಗೆ ಉಳಿದ ಹಣವನ್ನು ಎರಡನೆಯ, ಪೂರ್ತಿ ಬೇರೆಯಾದ ಕಾರ್ಡಿಗೆ ಖರ್ಚು ಮಾಡದಿದ್ದರೆ ಆ ಉಳಿತಾಯದ ಬೆಲೆಯನ್ನು ಸರತಿಯಲ್ಲಿ ನಿಂತವರು ತೆರಬೇಕಾಗುತ್ತದೆ.

ಮೊದಲು ಈ ಎರಡು ಕೆಲಸಗಳು ಯಾಕೆ ಬೇರೆಯಾಗಿದ್ದವು ಎಂದು ನೋಡಬೇಕು. ಸರ್ವರಿಗೆ ಬರುವ ಕೋರಿಕೆ, ಹೋಗುವ ಉತ್ತರ ಎಲ್ಲವೂ ಈಥರ್ನೆಟ್ ಜಾಲದಲ್ಲಿ ಓಡಾಡುತ್ತವೆ. ಈಥರ್ನೆಟ್ಟಿನ ಸ್ವಭಾವ ಸರಳ: ದಟ್ಟಣೆ ಹೆಚ್ಚಾದರೆ ಕೆಲವು ಪೊಟ್ಟಣಗಳನ್ನು ಬಿಸುಡುತ್ತದೆ, ಕಳಿಸಿದವರು ಮತ್ತೆ ಕಳಿಸುತ್ತಾರೆ. ವೆಬ್ ಪುಟ ಅರೆಕ್ಷಣ ತಡವಾದರೆ ಯಾರಿಗೂ ನಷ್ಟವಿಲ್ಲ. ಡಿಸ್ಕಿಗೆ ಬರೆಯುವ ಮಾತು ಹಾಗಲ್ಲ. ಸ್ಕಸಿ ಎಂಬ ಹಳೆಯ ಡಿಸ್ಕ್ ಭಾಷೆ ಹುಟ್ಟಿದ್ದು ಯಂತ್ರದೊಳಗಿನ ಗಿಡ್ಡ ತಂತಿಗಾಗಿ. ಪೊಟ್ಟಣ ದಾರಿಯಲ್ಲಿ ಕಳೆದುಹೋದೀತು ಎಂಬ ಕಲ್ಪನೆಯೇ ಅದಕ್ಕಿರಲಿಲ್ಲ. ಇಂದಿಗೂ ಲಿನಕ್ಸ್ ಸರ್ವರು ಡಿಸ್ಕಿನ ಉತ್ತರಕ್ಕಾಗಿ ಸಾಮಾನ್ಯವಾಗಿ 30 ಸೆಕೆಂಡು ಕಾದು, ಆಮೇಲಷ್ಟೇ ತಪ್ಪಾಗಿದೆ ಎಂದು ಎಚ್ಚರಗೊಳ್ಳುತ್ತದೆ. ನೂರಾರು ಕಚೇರಿಗಳು ಒಂದೇ ದತ್ತಸಂಚಯವನ್ನು ನಂಬಿಕೊಂಡಿರುವಾಗ ಆ 30 ಸೆಕೆಂಡಿನಲ್ಲಿ ಕೋರಿಕೆಗಳು ಒಂದರ ಹಿಂದೊಂದು ಜಮೆಯಾಗಿ ಇಡೀ ತಂತ್ರಾಂಶ ನಿಂತುಹೋಗಬಹುದು. 1990ರ ದಶಕದಲ್ಲಿ ರೂಪುಗೊಂಡ ಫೈಬರ್ ಚಾನೆಲ್ ಜಾಲ ಈ ತೊಂದರೆಗೆ ಉತ್ತರವಾಗಿತ್ತು. ಅಲ್ಲಿ ಎದುರಿನವನು ತನ್ನಲ್ಲಿ ಜಾಗವಿದೆ ಎಂದು ಮುಂಗಡವಾಗಿ ತಿಳಿಸಿದರೆ ಮಾತ್ರ ಈಚೆಯವನು ಕಳಿಸಬಹುದು. ಹಾಗಾಗಿ ದಟ್ಟಣೆಯಿಂದ ಏನೂ ಬಿದ್ದುಹೋಗದು. ಹಳೆಯ ಬೆಂಗಳೂರಿನ ಮನೆಗಳಲ್ಲಿ ಕಾವೇರಿ ನೀರಿಗೊಂದು, ಬೋರ್‌ವೆಲ್ ನೀರಿಗೊಂದು ಎಂದು ಎರಡು ಪೈಪು ಎಳೆದಂತೆ ಸರ್ವರಿಗೂ ಎರಡು ಬಗೆಯ ಕಾರ್ಡು, ಎರಡು ಬಗೆಯ ಕೇಬಲ್ಲು, ಎರಡು ಬಗೆಯ ಸ್ವಿಚ್ಚು ಬಂದವು. ಜೊತೆಗೆ ಎರಡು ಬಗೆಯ ತಜ್ಞರೂ ಬಂದರು, ಮತ್ತು ಅವರ ನಡುವೆ ಮಾತುಕತೆ ಕಡಿಮೆ ಇತ್ತು.

ಇವನ್ನು ಒಂದುಗೂಡಿಸುವ ಯತ್ನ 2007ರ ಸುಮಾರಿಗೆ ಗಂಭೀರವಾಗಿ ಆರಂಭವಾಯಿತು. ಫೈಬರ್ ಚಾನೆಲ್ಲಿನ ಪೊಟ್ಟಣವನ್ನು ಹಾಗೇ ಎತ್ತಿ ಈಥರ್ನೆಟ್ ಲಕೋಟೆಯೊಳಗೆ ಇಟ್ಟು ಕಳಿಸುವ ಎಫ್‌ಸಿಒಇ ವಿಧಾನ ಅದು. 2008ರಲ್ಲಿ ಸಿಸ್ಕೋ ಕಂಪನಿಯ ನೆಕ್ಸಸ್ 5000 ಸ್ವಿಚ್ಚು ಬಂತು, 2009ರಲ್ಲಿ ಮಾನದಂಡ ಅಂತಿಮಗೊಂಡಿತು, ಅದೇ ವರ್ಷ ಇದೇ ತತ್ವದ ಮೇಲೆ ಕಟ್ಟಿದ ಸರ್ವರುಗಳೂ ಮಾರುಕಟ್ಟೆಗಿಳಿದವು. ಎಮ್ಯುಲೆಕ್ಸ್, ಕ್ಯೂಲಾಜಿಕ್, ಬ್ರೋಕೇಡ್ ಕಂಪನಿಗಳು ಎರಡೂ ಕೆಲಸ ಮಾಡುವ ಕಾರ್ಡುಗಳನ್ನು ತಂದವು. ಈ ಚರಿತ್ರೆ ನಮಗೆ ದೂರದ್ದಲ್ಲ. ಸಿಸ್ಕೋ, ಬ್ರೋಕೇಡ್, ಎಮ್ಯುಲೆಕ್ಸ್ ಮೂರಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿದ್ದವು. ಲಾಭವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಸರ್ವರೊಂದಕ್ಕೆ ನಾಲ್ಕು ಈಥರ್ನೆಟ್, ಎರಡು ಫೈಬರ್ ಚಾನೆಲ್ ಎಂದು ಆರು ಕೇಬಲ್ಲಿದ್ದರೆ, 16 ಸರ್ವರಿನ ರ‍್ಯಾಕಿನಲ್ಲಿ 96 ಕೇಬಲ್ಲಾಗುತ್ತದೆ. 10 ಗಿಗಾಬಿಟ್ಟಿನ ಎರಡೆರಡು ಜೋಡಣೆಗೆ ಇಳಿಸಿದರೆ ಅದು 32. ಅದರೊಂದಿಗೆ ಸ್ವಿಚ್ಚಿನ ಪೋರ್ಟು, ವಿದ್ಯುತ್ತು, ತಂಪು ಮಾಡುವ ಖರ್ಚು ಇಳಿಯುತ್ತವೆ. ರ‍್ಯಾಕಿನ ಹಿಂಬದಿಯಲ್ಲಿ ಕೇಬಲ್ಲುಗಳ ಪೊದೆ ಕರಗಿದರೆ ಗಾಳಿಯಾಟಕ್ಕೂ ಒಳಿತು, ಬೇರೆ ಕೇಬಲ್ಲನ್ನು ತಪ್ಪಾಗಿ ಕೀಳುವ ಅಪಾಯವೂ ಕಡಿಮೆ. ಸಾರ್ವಜನಿಕ ಹಣದಲ್ಲಿ ನಡೆಯುವ ಕಂಪ್ಯೂಟರ್ ಕೋಣೆಗೆ ಇವು ಸಣ್ಣ ಲಾಭಗಳಲ್ಲ.

ಎಫ್‌ಸಿಒಇ ಸೋತ ತಂತ್ರಜ್ಞಾನ, ಸತ್ತ ವಿಷಯದ ಬಗ್ಗೆ ಈಗ ವಾದ ಏಕೆ ಎಂದು ತಿಳಿದವರು ಕೇಳಬಹುದು. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಏನನ್ನೂ ಬಿಸುಡದ ಈಥರ್ನೆಟ್ಟನ್ನು ಕಟ್ಟಲು ಹೊಸ ಬಗೆಯ ಸ್ವಿಚ್ಚುಗಳೇ ಬೇಕಾದವು; ಒಂದು ರ‍್ಯಾಕಿನೊಳಗೆ ಸಲೀಸಾಗಿದ್ದದ್ದು ಹಲವು ಸ್ವಿಚ್ಚು ದಾಟುವಾಗ ತೊಡಕಾಯಿತು. ಸ್ಟೋರೇಜಿನವರಿಗೂ ನೆಟ್‌ವರ್ಕಿನವರಿಗೂ ಒಂದೇ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇರಬೇಕೆಂಬ ಜಗಳ ಮುಗಿಯಲಿಲ್ಲ. ಬ್ರೋಕೇಡ್ ತನ್ನ ಅಡಾಪ್ಟರ್ ವ್ಯವಹಾರವನ್ನು 2014ರಲ್ಲಿ ಕ್ಯೂಲಾಜಿಕ್‌ಗೆ ಮಾರಿತು. ಕ್ಯೂಲಾಜಿಕ್ 2016ರಲ್ಲಿ ಕೇವಿಯಂ ಪಾಲಾಯಿತು, ಕೇವಿಯಂ 2018ರಲ್ಲಿ ಮಾರ್ವೆಲ್ ಪಾಲಾಯಿತು. ಎಮ್ಯುಲೆಕ್ಸ್ 2015ರಲ್ಲಿ ಅವಾಗೋ ಕಂಪನಿಗೆ ಸೇರಿತು. ಆದರೆ ಹಿಂದೆ ಸರಿದದ್ದು ಒಂದು ವಿಧಾನ ಮಾತ್ರ, ಒಂದುಗೂಡಿಸುವ ಆಲೋಚನೆ ಗೆದ್ದಿದೆ. ಸ್ಕಸಿಯನ್ನು ಸಾಮಾನ್ಯ ಇಂಟರ್‌ನೆಟ್ ನಿಯಮಗಳ ಮೇಲೆಯೇ ಸಾಗಿಸುವ ಐಸ್ಕಸಿ 2004ರಲ್ಲೇ ಮಾನದಂಡವಾಗಿತ್ತು. ಈಗಿನ ವೇಗದ ಫ್ಲ್ಯಾಶ್ ಡಿಸ್ಕುಗಳಿಗಾಗಿ 2018ರಲ್ಲಿ ಎನ್‌ವಿಎಂಇ ಓವರ್ ಟಿಸಿಪಿ ಬಂತು. ಡಿಸ್ಕುಗಳನ್ನು ಸರ್ವರುಗಳೊಳಗೇ ಇಟ್ಟು, ಎಲ್ಲ ಸರ್ವರುಗಳೂ ಈಥರ್ನೆಟ್ ಮೂಲಕ ಪರಸ್ಪರ ಡಿಸ್ಕು ಹಂಚಿಕೊಳ್ಳುವ ಹೈಪರ್‌ಕನ್ವರ್ಜ್ಡ್ ವ್ಯವಸ್ಥೆ ಇಂದು ಬಹಳ ಕಡೆ ಮಾರಾಟವಾಗುತ್ತಿದೆ; ಅಲ್ಲಿ ಎರಡನ್ನೂ ಬೇರೆ ಮಾಡುವ ಮಾತೇ ಇಲ್ಲ. ಮಲ್ಲೇಶ್ವರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರ ಫೆಬ್ರುವರಿಯಲ್ಲಿ ಕಾರ್ಯಾರಂಭಿಸಿದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಇನ್ಫಿನಿಬ್ಯಾಂಡ್ ಜಾಲದ ಮೇಲೆ ನಿಂತಿದೆ. ಲೆಕ್ಕದ ಸಂದೇಶಗಳನ್ನೂ ಡಿಸ್ಕಿನ ದತ್ತಾಂಶವನ್ನೂ ಎರಡನ್ನೂ ಒಯ್ಯಬೇಕೆಂದೇ ವಿನ್ಯಾಸಗೊಂಡ ಜಾಲ ಅದು. ಹಾಗಾಗಿ ಒಂದುಗೂಡಿಸಬೇಕೇ ಬೇಡವೇ ಎಂಬ ಚರ್ಚೆ ಮುಗಿದಿದೆ. ಒಂದುಗೂಡಿಸುವಾಗ ಏನನ್ನು ಬಿಟ್ಟುಕೊಡಬಾರದು ಎಂಬುದಷ್ಟೇ ಉಳಿದಿದೆ, ಮತ್ತು ಅದನ್ನು ನಮ್ಮಲ್ಲಿ ಯಾರೂ ಚರ್ಚಿಸುತ್ತಿಲ್ಲ.

ಹಂಚಿಕೊಂಡ ದಾರಿ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ಸಾಕ್ಷ್ಯ ದೊಡ್ಡವರ ಮನೆಯಲ್ಲೇ ಇದೆ. ಅಮೆಜಾನಿನ ಕ್ಲೌಡ್ ಸೇವೆಯಲ್ಲಿ 2011ರ ಏಪ್ರಿಲ್ 21ರಂದು ಅಮೆರಿಕದ ಪೂರ್ವ ಕರಾವಳಿಯ ಕೇಂದ್ರದಲ್ಲಿ ಜಾಲದ ಸಾಮರ್ಥ್ಯ ಹೆಚ್ಚಿಸುವ ಕೆಲಸ ನಡೆದಿತ್ತು. ಓಡಾಟವನ್ನು ಇನ್ನೊಂದು ದಾರಿಗೆ ತಿರುಗಿಸುವಾಗ, ಡಿಸ್ಕಿನ ಪ್ರತಿಗಳನ್ನು ಸಾಗಿಸಲೆಂದು ಇದ್ದ ಕಿರಿದಾದ ಜಾಲಕ್ಕೆ ಎಲ್ಲವೂ ತಪ್ಪಾಗಿ ಹರಿಯಿತು. ಸ್ಟೋರೇಜ್ ಯಂತ್ರಗಳಿಗೆ ಒಂದರ ಸಂಪರ್ಕ ಇನ್ನೊಂದಕ್ಕೆ ತಪ್ಪಿತು. ತನ್ನ ಪ್ರತಿ ನಾಶವಾಗಿದೆ ಎಂದು ಬಗೆದ ಪ್ರತಿಯೊಂದೂ ಹೊಸ ಪ್ರತಿಗಾಗಿ ಜಾಗ ಹುಡುಕತೊಡಗಿ, ಆ ಹುಡುಕಾಟವೇ ಜಾಲವನ್ನು ಮತ್ತಷ್ಟು ಮುಳುಗಿಸಿತು. ರೆಡಿಟ್, ಕೋರಾದಂಥ ತಾಣಗಳು ನಿಂತವು. ತೊಂದರೆಗೀಡಾದ ವಲಯದ ಡಿಸ್ಕುಗಳಲ್ಲಿ ಶೇ 0.07ರಷ್ಟನ್ನು ಸರಿಯಾದ ಸ್ಥಿತಿಗೆ ಮರಳಿಸಲು ಆಗಲೇ ಇಲ್ಲ. ಮರುವರ್ಷ, 2012ರಲ್ಲಿ, ಡಿಸ್ಕಿನ ಓಡಾಟಕ್ಕೆಂದೇ ಮೀಸಲು ಸಾಮರ್ಥ್ಯವಿರುವ ಸರ್ವರುಗಳನ್ನು ಅಮೆಜಾನ್ ಕೊಡತೊಡಗಿತು. ಮುಂದೆ ತಾನೇ ತಯಾರಿಸಿದ ನೈಟ್ರೊ ವ್ಯವಸ್ಥೆಯಲ್ಲಿ ನೆಟ್‌ವರ್ಕಿಗೊಂದು, ಸ್ಟೋರೇಜಿಗೊಂದು ಎಂದು ಬೇರೆ ಬೇರೆ ಕಾರ್ಡುಗಳನ್ನೇ ಇಟ್ಟಿತು. ಲಕ್ಷಾಂತರ ಸರ್ವರುಗಳನ್ನು ನಡೆಸುವ, ಪ್ರತಿ ಕಾರ್ಡಿನ ಬೆಲೆಯನ್ನು ತೂಗಿ ನೋಡುವ ಕಂಪನಿ ಸುಮ್ಮನೆ ಹೀಗೆ ಮಾಡುವುದಿಲ್ಲ.

ಮೈಕ್ರೊಸಾಫ್ಟಿನ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಪ್ರಬಂಧ ಇನ್ನೂ ನೇರವಾಗಿ ಈ ಕಾರ್ಡಿನ ಬಗ್ಗೆಯೇ ಇದೆ. ಈಥರ್ನೆಟ್ ಏನನ್ನೂ ಬಿಸುಡದಂತೆ ಮಾಡುವ ಉಪಾಯವೆಂದರೆ, ತುಂಬಿ ಬಂದ ಕಾರ್ಡು ಎದುರಿನ ಸ್ವಿಚ್ಚಿಗೆ ಸ್ವಲ್ಪ ನಿಲ್ಲು ಎಂದು ಸಂಕೇತ ಕಳಿಸುವುದು. ಎಂಟು ಆದ್ಯತೆಯ ಸಾಲುಗಳಲ್ಲಿ ಬೇಕಾದ ಸಾಲನ್ನಷ್ಟೇ ಹೀಗೆ ತಡೆಯಬಹುದು. ಆದರೆ ಕೆಟ್ಟುಹೋದ ಒಂದು ಕಾರ್ಡು ಈ ಸಂಕೇತವನ್ನು ಬಿಡುವಿಲ್ಲದೆ ಕಳಿಸತೊಡಗಿದರೆ ಎದುರಿನ ಸ್ವಿಚ್ಚು ನಿಲ್ಲುತ್ತದೆ, ಅದು ತುಂಬಿ ತನ್ನ ಹಿಂದಿನ ಸ್ವಿಚ್ಚನ್ನು ನಿಲ್ಲಿಸುತ್ತದೆ, ಹೀಗೆ ತಡೆ ಊರೆಲ್ಲ ಹಬ್ಬುತ್ತದೆ. ಒಂದೇ ಕಾರ್ಡಿನ ದೋಷ ಇಡೀ ಜಾಲವನ್ನು ಕಟ್ಟಿಹಾಕಬಲ್ಲದು ಎಂದು ಅವರು ತಮ್ಮ ಕೇಂದ್ರಗಳ ಅನುಭವದಿಂದಲೇ ಬರೆದರು, ಕಾರ್ಡಿನಲ್ಲೂ ಸ್ವಿಚ್ಚಿನಲ್ಲೂ ಕಾವಲು ವ್ಯವಸ್ಥೆ ಇಡಬೇಕಾಯಿತು ಎಂದೂ ಹೇಳಿದರು. ಹಳೆಯ ಪದ್ಧತಿಯಲ್ಲಿ ನೆಟ್‌ವರ್ಕ್ ಕಾರ್ಡು ಕೆಟ್ಟರೆ ಆ ಸರ್ವರಿನ ಸಂಪರ್ಕ ಹೋಗುತ್ತಿತ್ತು, ಡಿಸ್ಕಿಗೆ ಬರೆಯುತ್ತಿದ್ದ ಕೆಲಸವಾದರೂ ಮುಗಿಯುತ್ತಿತ್ತು. ಒಂದುಗೂಡಿಸಿದ ಮೇಲೆ ಎರಡೂ ಒಂದೇ ಕ್ಷಣ ಹೋಗುತ್ತವೆ. ಅರ್ಧ ಬರೆದ ದಾಖಲೆ ಅರ್ಧಕ್ಕೇ ನಿಲ್ಲುತ್ತದೆ. ಕಾವೇರಿ ಮೇಲಿನ ದಾಳಿಯಲ್ಲಿ ಕಾರ್ಡಿನ ಪಾತ್ರವಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಹೊರಗಿನಿಂದ ಅಂಥ ಪ್ರವಾಹ ನುಗ್ಗುವ ಕಾರ್ಡಿನಲ್ಲೇ ಡಿಸ್ಕಿನ ಓಡಾಟವೂ ಇದ್ದು, ಅದಕ್ಕೆ ಖಾತರಿಯ ಪಾಲು ಇಲ್ಲದಿದ್ದರೆ, ಸುಳ್ಳು ಕೋರಿಕೆಗಳು ನಿಜವಾದ ಕ್ರಯಪತ್ರದ ದಾಖಲೆಯನ್ನು ಡಿಸ್ಕಿನವರೆಗೂ ತಲುಪಗೊಡುವುದಿಲ್ಲ.

ಮೂರನೆಯ ಎಳೆಯೂ ಒಂದಿದೆ, ಅದನ್ನು ಜನ ಮರೆಯುತ್ತಾರೆ: ನಿರ್ವಹಣೆಯ ದಾರಿ. ಸರ್ವರು ಕೆಟ್ಟಾಗ ದುರಸ್ತಿ ಮಾಡುವವರು ಒಳಗೆ ಹೋಗುವುದಕ್ಕೂ ಒಂದು ಸಂಪರ್ಕ ಬೇಕು. 2021ರ ಅಕ್ಟೋಬರ್ 4ರ ರಾತ್ರಿ ನಮ್ಮಲ್ಲೂ ವಾಟ್ಸ್‌ಆ್ಯಪ್, ಫೇಸ್‌ಬುಕ್ ಸುಮಾರು ಆರು ಗಂಟೆ ನಿಂತವಲ್ಲ, ಅಂದು ನಿರ್ವಹಣೆಯ ಒಂದು ಆದೇಶ ಆ ಕಂಪನಿಯ ಮೂಲಜಾಲವನ್ನೇ ಕಡಿದುಹಾಕಿತ್ತು. ಸರಿಪಡಿಸುವ ಉಪಕರಣಗಳೂ ಅದೇ ಜಾಲದ ಆಸರೆಯಲ್ಲಿದ್ದುದರಿಂದ ಎಂಜಿನಿಯರುಗಳು ಖುದ್ದಾಗಿ ಕೇಂದ್ರಗಳಿಗೆ ಹೋಗಬೇಕಾಯಿತು. 2022ರ ಜುಲೈ 8ರಂದು ಕೆನಡಾದ ರಾಜರ್ಸ್ ಕಂಪನಿಯಲ್ಲಿ ಆದದ್ದೂ ಇದೇ. ಮೊಬೈಲಿಗೂ ಸ್ಥಿರ ಸಂಪರ್ಕಕ್ಕೂ ಒಂದೇ ಮೂಲಜಾಲ. ರೌಟರಿನಲ್ಲಿ ಮಾಡಿದ ಒಂದು ಬದಲಾವಣೆಗೆ ಎರಡೂ ಕುಸಿದು 1.2 ಕೋಟಿಗೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡರು, ತುರ್ತು ಕರೆಗಳೂ ಹೋಗಲಿಲ್ಲ. ಅಲ್ಲಿಯೂ ನಿರ್ವಹಣೆಯ ಜಾಲ ಅದೇ ಕುಸಿದ ಜಾಲವನ್ನು ನಂಬಿಕೊಂಡಿತ್ತು. ಆಮೇಲೆ ಎರಡನ್ನೂ ಬೇರ್ಪಡಿಸುವುದಾಗಿ ಕಂಪನಿ ಘೋಷಿಸಿತು. ಇವು ಅಡಾಪ್ಟರಿಗಿಂತ ಬಹಳ ದೊಡ್ಡ ಮಟ್ಟದ ಘಟನೆಗಳು ನಿಜ. ಆದರೆ ಒಂದು ರ‍್ಯಾಕಿನೊಳಗೂ ಇದೇ ತರ್ಕ ನಡೆಯುತ್ತದೆ. ಕಾರ್ಡು ಸತ್ತಾಗ ಆ ಕಾರ್ಡಿನ ಮೂಲಕವೇ ಒಳಹೊಕ್ಕು ದುರಸ್ತಿ ಮಾಡಲು ಯಾರಿಗೂ ಆಗದು.

ಹಾಗಾದರೆ ಹಳೆಯಂತೆ ಎಲ್ಲವನ್ನೂ ಬೇರೆಯೇ ಇಟ್ಟರಾಯಿತಲ್ಲ? ಅನುಭವಿ ಆಡಳಿತಗಾರರು ಇದನ್ನು ಹೇಳುತ್ತಾರೆ, ಅವರ ಎಚ್ಚರಕ್ಕೆ ನನ್ನ ಗೌರವವಿದೆ. ಆದರೆ ಎರಡು ಬಗೆಯ ಜಾಲ ಇಟ್ಟ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ. ಹಣ ಸಾಲದ ಕಡೆ ಫೈಬರ್ ಚಾನೆಲ್ ಸ್ವಿಚ್ಚು ಒಂದೇ ಇರುತ್ತದೆ, ಈಥರ್ನೆಟ್ ಸ್ವಿಚ್ಚೂ ಒಂದೇ ಇರುತ್ತದೆ. ಆಗ ಎರಡರಲ್ಲಿ ಯಾವುದು ಕೆಟ್ಟರೂ ಸೇವೆ ನಿಲ್ಲುತ್ತದೆ. ಎರಡು ಬಗೆಯ ಉಪಕರಣಗಳ ನಡುವೆ ಹಂಚಿಹೋದ ಹಣವನ್ನು ಒಂದೇ ಬಗೆಯ ಎರಡು ಸಂಪೂರ್ಣ ಜಾಲಗಳಿಗೆ ಹಾಕಿದರೆ ಯಾವುದೊಂದು ಕೆಟ್ಟರೂ ಇನ್ನೊಂದು ನಡೆಸುತ್ತದೆ. ಕೆಲಸದ ಪ್ರಕಾರ ಬೇರ್ಪಡಿಸುವುದಕ್ಕಿಂತ ವೈಫಲ್ಯದ ಪ್ರಕಾರ ಬೇರ್ಪಡಿಸುವುದು ಮುಖ್ಯ. ಪ್ರತಿ ಸರ್ವರಿನಲ್ಲಿ ಎರಡು ಕಾರ್ಡು, ಎರಡೂ ಮದರ್‌ಬೋರ್ಡಿನ ಬೇರೆ ಬೇರೆ ಸ್ಲಾಟಿನಲ್ಲಿ, ಪ್ರತಿಯೊಂದೂ ಬೇರೆ ಸ್ವಿಚ್ಚಿಗೆ, ಆ ಸ್ವಿಚ್ಚುಗಳಿಗೆ ಬೇರೆ ವಿದ್ಯುತ್ ಮೂಲ. ಪ್ರತಿ ಕಾರ್ಡಿನಲ್ಲೂ ಡಿಸ್ಕಿನ ಓಡಾಟಕ್ಕೆ ಇಷ್ಟು ಪಾಲು ಎಂದು ಮೊದಲೇ ನಿಗದಿ. ನಿರ್ವಹಣೆಗೆ ಸರ್ವರಿನ ಬೆನ್ನಿನಲ್ಲಿರುವ ಸಣ್ಣ ಪೋರ್ಟು, ಅದಕ್ಕೊಂದು ಅಗ್ಗದ ಬೇರೆ ಸ್ವಿಚ್ಚು.

ಇಲ್ಲಿ ಮಾರಾಟಗಾರರ ಒಂದು ಮಾತಿನ ಬಗ್ಗೆ ಎಚ್ಚರಿಕೆ ಬೇಕು. ಕಾರ್ಡಿನಲ್ಲಿ ಎರಡು ಪೋರ್ಟಿದೆ, ಒಂದು ಹೋದರೆ ಇನ್ನೊಂದು ಇದೆ ಎಂದು ಅವರು ಹೇಳುತ್ತಾರೆ. ಕೇಬಲ್ಲು ತುಂಡಾದರೆ, ಎದುರಿನ ಸ್ವಿಚ್ಚು ಕೆಟ್ಟರೆ ಆ ಮಾತು ನಿಜ. ಆದರೆ ಎರಡು ಪೋರ್ಟಿನ ಹಿಂದೆ ಸಾಮಾನ್ಯವಾಗಿ ಇರುವುದು ಒಂದೇ ಚಿಪ್ಪು, ಅದರೊಳಗೆ ಒಂದೇ ಫರ್ಮ್‌ವೇರು, ಅದು ಕೂತಿರುವುದು ಒಂದೇ ಸ್ಲಾಟಿನಲ್ಲಿ. ಚಿಪ್ಪು ನಿಂತರೆ ಎರಡೂ ಪೋರ್ಟು ಒಟ್ಟಿಗೆ ಸಾಯುತ್ತವೆ. ಕಾಗದದ ಮೇಲೆ ಎರಡು ಎಂದು ಬರೆದಿರುವುದು ವಾಸ್ತವದಲ್ಲಿ ಒಂದೇ. ಇನ್ನೂ ಸೂಕ್ಷ್ಮವಾದ ತೊಂದರೆ ಫರ್ಮ್‌ವೇರಿನದು: ಎರಡು ಕಾರ್ಡಿದ್ದರೂ ಎರಡಕ್ಕೂ ಒಂದೇ ರಾತ್ರಿ ಹೊಸ ಆವೃತ್ತಿ ಹಾಕಿದರೆ, ಆ ಆವೃತ್ತಿಯ ದೋಷ ಎರಡನ್ನೂ ಒಂದೇ ಬಾರಿಗೆ ಕೆಡವುತ್ತದೆ. ಮೊದಲು ಒಂದಕ್ಕೆ ಹಾಕಿ, ತಿಂಗಳ ಕೊನೆಯ ದಟ್ಟಣೆಯೂ ಸೇರಿದಂತೆ ಕೆಲವು ವಾರ ನೋಡಿ, ಆಮೇಲೆ ಇನ್ನೊಂದಕ್ಕೆ ಹಾಕುವ ಶಿಸ್ತು ಬೇಕು. ಇದಕ್ಕೆ ಹಣ ಬೇಡ, ತಾಳ್ಮೆಯಿರುವ ಸಿಬ್ಬಂದಿ ಬೇಕು. ಅಂಥವರನ್ನು ವರ್ಷ ವರ್ಷ ಬದಲಾಗುವ ಹೊರಗುತ್ತಿಗೆಯಲ್ಲಿ ಇಟ್ಟುಕೊಂಡರೆ ಶಿಸ್ತು ಉಳಿಯುವುದಿಲ್ಲ ಎಂಬುದು ಬೇರೆಯದೇ ಲೇಖನದ ವಿಷಯ, ಆದರೂ ಇಲ್ಲಿ ಹೇಳದೆ ಇರಲಾಗದು.

ಎಲ್ಲವೂ ಕ್ಲೌಡಿಗೆ ಹೋಗುತ್ತಿರುವಾಗ ಕಾರ್ಡಿನ ಚಿಂತೆ ನಮಗೇಕೆ ಎಂಬ ಪ್ರಶ್ನೆಯೂ ಬರುತ್ತದೆ. ಕ್ಲೌಡ್ ಎಂದರೂ ಅದು ಇನ್ನೊಬ್ಬರ ಸರ್ವರು. ಆ ಇನ್ನೊಬ್ಬರು ಹೇಗೆ ಕಟ್ಟಿದ್ದಾರೆ ಎಂದು ಕೇಳುವ ಹಕ್ಕು ಗ್ರಾಹಕನಿಗೆ ಇರಬೇಕು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಸೇವಾ ಕಂಪನಿಯ ಮೇಲೆ ಸುಲಿಗೆ ತಂತ್ರಾಂಶದ ದಾಳಿಯಾದಾಗ ದೇಶದ ಸುಮಾರು 300 ಸಹಕಾರಿ, ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತು. ಸೋಂಕು ಹರಡದಂತೆ ರಾಷ್ಟ್ರೀಯ ಪಾವತಿ ನಿಗಮವೇ ಆ ಕಂಪನಿಯ ಸಂಪರ್ಕ ಕಡಿಯಬೇಕಾಯಿತು. ಪ್ರತಿ ಬ್ಯಾಂಕಿನ ಮಟ್ಟಿಗೆ ಹಂಚಿಕೆಯ ಸೇವೆ ಮಿತವ್ಯಯದ್ದೇ ಆಗಿತ್ತು, ಆದರೆ ಎಲ್ಲ ಬ್ಯಾಂಕುಗಳ ವೈಫಲ್ಯವೂ ಒಂದೇ ಗಂಟಿಗೆ ಬಿದ್ದಿತ್ತು. ಚಾಮರಾಜಪೇಟೆಯಲ್ಲಿ ರಾಜ್ಯ ಸಹಕಾರಿ ಅಪೆಕ್ಸ್ ಬ್ಯಾಂಕಿನ ಕೇಂದ್ರ ಕಚೇರಿ ಇದೆ, ಬಸವನಗುಡಿ, ಮಲ್ಲೇಶ್ವರಗಳು ಸಹಕಾರಿ ಬ್ಯಾಂಕುಗಳ ಹಳೆಯ ನೆಲೆ. ಶ್ರೀರಾಂಪುರದ ಹೂವಿನವರು, ತರಕಾರಿಯವರು ಉಳಿತಾಯ ಇಟ್ಟಿರುವುದು ಇಂಥ ಕಡೆಯೇ. ಈ ಬ್ಯಾಂಕುಗಳು ತಾವೇ ಸರ್ವರು ಕೊಂಡರೂ ಸರಿ, ಬಾಡಿಗೆಗೆ ಪಡೆದರೂ ಸರಿ, ಯಾವ ಒಂದು ವಸ್ತು ಕೆಟ್ಟರೆ ಎಷ್ಟು ಸೇವೆಗಳು ನಿಲ್ಲುತ್ತವೆ ಎಂಬ ಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಬೇರೆ ಊರಿನಲ್ಲಿ ಬದಲಿ ಕೇಂದ್ರವಿದೆ ಎಂಬ ಉತ್ತರ ಸಾಲದು. ಬೆಂಕಿಗೆ, ಭೂಕಂಪಕ್ಕೆ ಬದಲಿ ಕೇಂದ್ರ ಬೇಕು. ಒಂದು ಕಾರ್ಡು ಕೆಟ್ಟ ಕಾರಣಕ್ಕೆ ಇಡೀ ವ್ಯವಹಾರವನ್ನು ಇನ್ನೊಂದು ಊರಿಗೆ ಎತ್ತಿಕೊಂಡು ಹೋಗುವ ಸಾಹಸ ಯಾರೂ ಮಾಡುವುದಿಲ್ಲ, ದುರಸ್ತಿಯಾಗಲಿ ಎಂದು ಕಾಯುತ್ತಾರೆ, ಅಷ್ಟರಲ್ಲಿ ದಿನ ಮುಗಿದಿರುತ್ತದೆ.

ಖರ್ಚಿನ ಆಕ್ಷೇಪಕ್ಕೆ ಉತ್ತರ ಇರುವುದು ಟೆಂಡರಿನಲ್ಲಿ. ಕರ್ನಾಟಕದ ಸಾರ್ವಜನಿಕ ಖರೀದಿ 1999ರ ಪಾರದರ್ಶಕತೆ ಕಾಯ್ದೆಯ ಅಡಿ ನಡೆಯುತ್ತದೆ; ಷರತ್ತುಗಳನ್ನು ಪೂರೈಸಿದವರಲ್ಲಿ ಕಡಿಮೆ ಬೆಲೆಯವರಿಗೆ ಕೆಲಸ ಹೋಗುವುದು ವಾಡಿಕೆ. ಅಂದಮೇಲೆ ಷರತ್ತಿನಲ್ಲಿ ಬರೆಯದ್ದು ಸಿಗುವುದಿಲ್ಲ. ಎರಡು ಪೋರ್ಟಿರಬೇಕು ಎಂದು ಬರೆದರೆ ಎರಡು ಪೋರ್ಟಿನ ಒಂದು ಕಾರ್ಡು ಬರುತ್ತದೆ, ಮತ್ತು ಅದನ್ನು ಕೊಟ್ಟವನು ನಿಯಮ ಮುರಿದಂತೆಯೂ ಅಲ್ಲ. ಯಾವುದೇ ಒಂದು ಅಡಾಪ್ಟರು, ಒಂದು ಸ್ವಿಚ್ಚು, ಒಂದು ಕೇಬಲ್ಲು ಕೆಟ್ಟರೂ ದತ್ತಸಂಚಯಕ್ಕೆ ಬರೆಯುವ ಕೆಲಸ ನಿಲ್ಲಬಾರದು ಎಂದು ಬರೆದರೆ ಎಲ್ಲ ಸ್ಪರ್ಧಿಗಳೂ ಎರಡು ಕಾರ್ಡಿನ ಬೆಲೆಯನ್ನೇ ನಮೂದಿಸುತ್ತಾರೆ, ಪ್ರಾಮಾಣಿಕ ಸ್ಪರ್ಧಿಗೆ ಅನ್ಯಾಯವಾಗುವುದಿಲ್ಲ. ಕಾರ್ಡಿನ ಬೆಲೆ ಸರ್ವರಿನ ಒಟ್ಟು ಬೆಲೆಯಲ್ಲಿ ಸಣ್ಣ ಪಾಲು. ಫೈಬರ್ ಚಾನೆಲ್ ಸ್ವಿಚ್ಚುಗಳನ್ನು ಕೈಬಿಟ್ಟಾಗ ಉಳಿಯುವ ಹಣವೇ ಅದಕ್ಕೆ ಬಹುಮಟ್ಟಿಗೆ ಸಾಕಾಗುತ್ತದೆ. ನೋಂದಣಿ ಒಂದು ದಿನ ನಿಂತರೆ ಮುದ್ರಾಂಕ ಶುಲ್ಕವೂ ಅಂದು ಬರುವುದಿಲ್ಲ ಎಂಬುದನ್ನು ಹಣಕಾಸು ಇಲಾಖೆಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಬರೆದರಷ್ಟೇ ಸಾಲದು, ನೋಡಬೇಕು ಕೂಡ. ಹೊಸ ಸರ್ವರುಗಳನ್ನು ಒಪ್ಪಿಕೊಳ್ಳುವ ದಿನ, ನೂರಾರು ಉಪನೋಂದಣಿ ಕಚೇರಿಗಳಷ್ಟು ಕೃತಕ ದಟ್ಟಣೆ ಹರಿಸಿ, ಅದರ ನಡುವೆಯೇ ಒಂದು ಕಾರ್ಡಿನ ಎರಡೂ ಕೇಬಲ್ಲು ಕೀಳಬೇಕು, ಆಮೇಲೆ ಒಂದು ಸ್ವಿಚ್ಚಿನ ವಿದ್ಯುತ್ತು ತೆಗೆಯಬೇಕು, ಆಮೇಲೆ ನಿರ್ವಹಣೆಯ ಪೋರ್ಟಿನಿಂದ ಒಳಹೊಕ್ಕು ನೋಡಬೇಕು. ಬರೆಯಲು ಎಷ್ಟು ಸೆಕೆಂಡು ತಡವಾಯಿತು, ಎಷ್ಟು ದಾಖಲೆ ಅರ್ಧಕ್ಕೆ ನಿಂತವು ಎಂಬುದನ್ನು ಅಳೆದು, ಇಲಾಖೆಯ ಅಧಿಕಾರಿಯ ಸಹಿಯೊಂದಿಗೆ ಟೆಂಡರಿನ ಕಡತದಲ್ಲಿ ಇಡಬೇಕು. ಮಾಹಿತಿ ಹಕ್ಕಿನಡಿ ಯಾರು ಕೇಳಿದರೂ ಆ ಹಾಳೆ ಸಿಗಬೇಕು, ಮತ್ತು ಆ ಹಾಳೆ ಇಲ್ಲದೆ ಗುತ್ತಿಗೆದಾರರ ಕೊನೆಯ ಕಂತು ಬಿಡುಗಡೆಯಾಗಬಾರದು.